ಕಾಡಿನ ಹಳ್ಳಿಗೆ ಕೋವಿ ಬಿಟ್ಟು ಹೋದ ಅಧಿಕಾರಿ

2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣವಾದಾಗ ನಾನು ಬಂಟ್ವಾಳದಲ್ಲಿ ಪ್ರೈಮರಿ ಶಾಲೆಯ ಹುಡುಗ. ಆ 108 ದಿನಗಳಲ್ಲಿ ವೀರಪ್ಪನ್ ಮೀಸೆಯ ಚಿತ್ರ ಬಿಡಿಸುವುದನ್ನು ನಾವೆಲ್ಲ ಕಲಿತೆವು. ಅದೇ ವೀರಪ್ಪನ್ ಒಂಬತ್ತು ವರ್ಷ ಮೊದಲು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ. ಇಂಜಿನಿಯರಿಂಗ್ ಮುಗಿಸಿ, ಕೆಲಸ ಬಿಟ್ಟು, ಪತ್ರಕರ್ತನಾದ ಮೇಲೆಯೇ ನನಗೆ ಅವರ ಕಥೆ ಸಿಕ್ಕಿದ್ದು.

ಶ್ರೀನಿವಾಸ್ 1954ರಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಹುಟ್ಟಿದವರು. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದರು. ಚಾಮರಾಜನಗರದ ಕಡೆ ಕೆಲಸ ಮಾಡುವಾಗ ಆನೆದಂತ, ಗಂಧದ ಕಳ್ಳಸಾಗಣೆಯ ಬೆನ್ನು ಹತ್ತಿದರು. 1986ರಲ್ಲಿ ವೀರಪ್ಪನ್ ಸಿಕ್ಕಿಯೂ ಬಿದ್ದಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಇಟ್ಟಿದ್ದಾಗ ತಪ್ಪಿಸಿಕೊಂಡ.

ಇಂಥ ಅವಮಾನ ಆದ ಮೇಲೆ ಯಾವ ಅಧಿಕಾರಿಯಾದರೂ ಲಾಠಿ ಬಿಗಿ ಮಾಡುತ್ತಾನೆ. ಆದರೆ ವೀರಪ್ಪನ್ ಹಿಡಿಯುವ ಹೊಣೆ ಮತ್ತೆ ಹೆಗಲೇರಿದಾಗ ಶ್ರೀನಿವಾಸ್ ಹೋಗಿ ನಿಂತದ್ದು ಗೋಪಿನಾಥಂನಲ್ಲಿ. ಅದು ವೀರಪ್ಪನ್ ಹುಟ್ಟೂರು, ತಮಿಳು ಮಾತಾಡುವ ಬಡ ಗಡಿಹಳ್ಳಿ. ಅಲ್ಲಿ ಮನೆ ಕಟ್ಟಿಸಿದರು, ಕಾಯಿಲೆಯವರಿಗೆ ಔಷಧಿ ಕೊಡುವ ವ್ಯವಸ್ಥೆ ಮಾಡಿದರು, ಕೈಯಿಂದ ದುಡ್ಡು ಹಾಕಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಊರಿಗೆ ಬೇರೆ ದುಡಿಮೆ ಸಿಕ್ಕರೆ ಕಳ್ಳನಿಗೆ ಕೂಲಿಗಳು ಸಿಗುವುದಿಲ್ಲ ಎಂಬುದು ಲೆಕ್ಕ. ಲೆಕ್ಕ ಪೂರ್ತಿ ತಪ್ಪಲಿಲ್ಲ, ಗುಂಪಿನ ಕೆಲವರು ಶರಣಾದರು. ವೀರಪ್ಪನ್ ತಂಗಿಯೇ ಅವರ ಔಷಧಿ ಕೆಲಸದಲ್ಲಿ ಕೈಜೋಡಿಸಿದಳು. ಮುಂದೆ ಆಕೆ ಆತ್ಮಹತ್ಯೆ ಮಾಡಿಕೊಂಡಾಗ ವೀರಪ್ಪನ್ ಆ ಸಾವನ್ನು ಶ್ರೀನಿವಾಸ್ ತಲೆಗೆ ಕಟ್ಟಿದ.

1991ರ ನವೆಂಬರ್‌ನಲ್ಲಿ ವೀರಪ್ಪನ್ ಶರಣಾಗುತ್ತಾನೆಂದು ಅವನ ತಮ್ಮ ಅರ್ಜುನನ್ ಮೂಲಕ ಸುದ್ದಿ ಬಂತು. 10ನೇ ತಾರೀಕು ಶ್ರೀನಿವಾಸ್ ಆಯುಧವಿಲ್ಲದೆ ಕಾಡಿನೊಳಗೆ ನಡೆದು ಹೋದರು. ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದರು. ತಲೆ ಸಿಕ್ಕಿದ್ದು ಸುಮಾರು ಮೂರು ವರ್ಷದ ನಂತರ. 1992ರಲ್ಲಿ ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು.

ಅವರು ನಂಬಿ ಕೆಟ್ಟರು ಅಂತ ಹೇಳುವವರು ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಜಿನಿಯರ್ ಬುದ್ಧಿ ಹೋಗಲ್ಲ ಬಿಡಿ: ಇಡೀ ವ್ಯವಸ್ಥೆ ಒಂದೇ ಕಂಬದ ಮೇಲೆ ನಿಂತಿದ್ದರೆ ಬೀಳುವುದು ಕಂಬದ ತಪ್ಪಲ್ಲ. ಗೋಪಿನಾಥಂನಲ್ಲಿ ಆಗಿದ್ದು ಇಲಾಖೆಯ ನೀತಿ ಆಗಿರಲಿಲ್ಲ, ಒಬ್ಬನ ಹಟ ಆಗಿತ್ತು. ಅವರು ಹೋದ ಮೇಲೆ ಸರ್ಕಾರಗಳು ಕೋವಿಯನ್ನೇ ನೆಚ್ಚಿದವು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ, ನಿಜ. ಆದರೆ ನಡುವೆ ಎರಡೂ ರಾಜ್ಯಗಳ ಕಾರ್ಯಪಡೆಗಳು ಹಳ್ಳಿಗರಿಗೆ ಕೊಟ್ಟ ಹಿಂಸೆಯ ದೂರುಗಳನ್ನು ಕೇಳಲು ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನೇ ನೇಮಿಸಬೇಕಾಯಿತು.

ನಮ್ಮ ಪಕ್ಕದ ಬೆಳ್ತಂಗಡಿಯಲ್ಲೂ ಕಾಡಿದೆ, ಕಾನೂನಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯರನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ತಂದೆಯ ಜೊತೆ ಬಂಧಿಸಿದರು. ಇಬ್ಬರೂ ನಿರ್ದೋಷಿಗಳೆಂದು ಕೋರ್ಟು ಹೇಳಿದ್ದು 2021ರ ಅಕ್ಟೋಬರ್‌ನಲ್ಲಿ. ಒಂಬತ್ತೂವರೆ ವರ್ಷ ಮಾರಾಯ್ರೆ! ಆ ಕಾಡಂಚಿನ ಮನೆಗಳಿಗೆ ಸಮವಸ್ತ್ರದವರು ಬಂದಾಗ ಬಾಗಿಲು ತೆರೆಯುವವರ ಮುಖದಲ್ಲಿ ಏನಿರುತ್ತೆ ಅಂತ ನಮಗೆ ಗೊತ್ತು.

ಗೋಪಿನಾಥಂ ಬಡತನ ಬಿಟ್ಟು ಬೇರೆ ಏನನ್ನೂ ಬಲ್ಲದ ಊರಾಗಿತ್ತು. ಅಲ್ಲಿ ಶ್ರೀನಿವಾಸ್ ಕಟ್ಟಿಸಿದ ಗುಡಿಯಲ್ಲಿ ಊರವರು ದೇವರ ಜೊತೆಗೆ ಅವರ ಫೋಟೋವನ್ನೂ ಇಟ್ಟುಕೊಂಡಿದ್ದಾರೆ.