ಖಾಶಾಬಾ ಜಾಧವ

ನಮ್ಮ ದೇಹೂ ರೋಡಿನ ಬಾಲಕರು ರಜೆಯಲ್ಲಿ ಪುಣೆಯಿಂದ ಮೀರಜ, ಬೆಳಗಾವಿಗಳ ಕಡೆಗೆ ಪ್ರಯಾಣ ಮಾಡುವಾಗ ಸಾತಾರೆಯ ಮುಂದೆ ಕರಾಡವೆಂಬ ರೈಲು ನಿಲ್ದಾಣವನ್ನು ಕಂಡಿರಬೇಕು. ಅದರ ಸಮೀಪದ ಗೋಳೇಶ್ವರ ಗ್ರಾಮದಲ್ಲಿ 1926ನೆಯ ಇಸವಿ ಜನವರಿ 15ರಂದು ಖಾಶಾಬಾ ದಾದಾಸಾಹೇಬ ಜಾಧವರು ಜನಿಸಿದರು. ತಂದೆಯವರು ಪೈಲ್ವಾನರು, ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಬಾಲ್ಯದಲ್ಲಿಯೇ ತಂದೆಯಿಂದ ಅವರಿಗೆ ಗರಡಿಯ ಪಾಠವಾಯಿತು.

ಪೈಲ್ವಾನನೆಂದರೆ ಆನೆಯಂಥ ಮೈಯವನೆಂದೇ ಜನರ ಭಾವನೆ. ಖಾಶಾಬಾ ಹಾಗಿರಲಿಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕ್ರೀಡಾಶಿಕ್ಷಕರು ಅವರ ಸಣ್ಣ ಮೈಕಟ್ಟನ್ನು ಕಂಡು ಕುಸ್ತಿಗೆ ಹೆಸರನ್ನೇ ಬರೆದುಕೊಳ್ಳಲಿಲ್ಲ. ಅವರು ನೇರವಾಗಿ ಪ್ರಾಂಶುಪಾಲರ ಬಳಿಗೆ ಹೋಗಿ ಅನುಮತಿ ಪಡೆದರು; ತಮಗಿಂತ ದೊಡ್ಡ ಆಳುಗಳನ್ನು ಕೆಡವಿ ತೋರಿಸಿದರು.

1948ರಲ್ಲಿ ಕೊಲ್ಲಾಪುರದ ಮಹಾರಾಜರ ಧನಸಹಾಯದಿಂದ ಲಂಡನ್ನಿನ ಒಲಿಂಪಿಕ್ಸಿಗೆ ಹೋದರು. ನಮ್ಮ ಗರಡಿಯಲ್ಲಿ ಕಾಲಿನ ಕೆಳಗೆ ಹದಮಾಡಿದ ಕೆಮ್ಮಣ್ಣು; ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿ ಮುಗಿಯಿತು. ಅಲ್ಲಿಯಾದರೋ ಮೆತ್ತನೆಯ ಹಾಸು, ಗಡಿಯಾರದ ಲೆಕ್ಕ, ಪಟ್ಟಿಗೊಂದು ಅಂಕ. ಎಲ್ಲವೂ ಹೊಸತು. ಆದರೂ 52 ಕಿಲೋ ವರ್ಗದಲ್ಲಿ ಅವರು ಆರನೆಯವರಾದರು.

ಮುಂದಿನ ಒಲಿಂಪಿಕ್ಸು 1952ರಲ್ಲಿ ಹೆಲ್ಸಿಂಕಿಯಲ್ಲಿ. ಹೋಗಲು ಹಣವಿರಲಿಲ್ಲ. ಊರವರು ತಮ್ಮ ಕೈಲಾದಷ್ಟನ್ನು ಕೂಡಿಸಿಕೊಟ್ಟರು. ಪ್ರಾಂಶುಪಾಲ ಖರ್ಡೀಕರರು ತಮ್ಮ ಸ್ವಂತ ಮನೆಯನ್ನು ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಶಿಷ್ಯನ ಮೇಲೆ ಗುರುವಿಗೆ ಅಷ್ಟು ನಂಬಿಕೆ!

ಅಲ್ಲಿ 57 ಕಿಲೋ ವರ್ಗದಲ್ಲಿ ಕೆನಡಾ, ಮೆಕ್ಸಿಕೋ, ಜರ್ಮನಿಗಳ ಮಲ್ಲರನ್ನು ಗೆದ್ದರು. ಜಪಾನಿನ ಶೋಹಾಚಿ ಇಶಿಯೊಡನೆ ಸುದೀರ್ಘವಾಗಿ ಸೆಣಸಿ ಸೋತರು. ಆ ವರ್ಗದ ಚಿನ್ನವೂ ಇಶಿಗೇ ಸಂದಿತು. ಮೈಬೆವರು ಆರುವ ಮೊದಲೇ ಸೋವಿಯತ್ ಒಕ್ಕೂಟದ ಮಮ್ಮದ್‌ಬೆಯೋವನೆದುರು ನಿಲ್ಲಬೇಕೆಂದು ಕರೆ ಬಂತು. ನಿಯಮದಂತೆ ಅರ್ಧ ಗಂಟೆಯ ವಿಶ್ರಾಂತಿ ಸಲ್ಲಬೇಕಾಗಿದ್ದಿತು. ಅದನ್ನು ಕೇಳಲು ಭಾರತದ ಅಧಿಕಾರಿಯೊಬ್ಬರೂ ಹತ್ತಿರದಲ್ಲಿರಲಿಲ್ಲ. ದಣಿದ ಮೈಯಲ್ಲಿಯೇ ಸೆಣಸಿ ಸೋತರು. ಕಂಚಿನ ಪದಕ ದೊರೆಯಿತು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲ ಒಲಿಂಪಿಕ್ ಪದಕವದು. ಅಂಥ ಇನ್ನೊಂದು ಪದಕಕ್ಕಾಗಿ ದೇಶವು 1996ರವರೆಗೆ, ಲಿಯಾಂಡರ್ ಪೇಸರು ಟೆನಿಸಿನಲ್ಲಿ ಗೆಲ್ಲುವವರೆಗೆ, ಕಾಯಬೇಕಾಯಿತು.

ಕರಾಡದಲ್ಲಿ 151 ಎತ್ತಿನ ಬಂಡಿಗಳ ಮೆರವಣಿಗೆಯಾಯಿತು. ಮೆರವಣಿಗೆಯ ಮರುದಿನವೂ ಗುರುಗಳ ಮನೆ ಒತ್ತೆಯಲ್ಲಿಯೇ ಇದ್ದಿತಷ್ಟೆ. ಖಾಶಾಬಾ ಅದನ್ನು ಮರೆಯಲಿಲ್ಲ. ಹೆಲ್ಸಿಂಕಿಯಲ್ಲಿ ಕಾಸಿನಾಸೆಯಿಲ್ಲದೆ ಆಡಿದವರು ಈಗ ಹಣಕ್ಕಾಗಿ ಕುಸ್ತಿಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು ಗೆದ್ದು, ಬಂದ ಹಣದಿಂದ ಮನೆಯನ್ನು ಬಿಡಿಸಿಕೊಟ್ಟರು. ನಮಗಂತೂ ಕಂಚಿಗಿಂತ ಆ ಕುಸ್ತಿಗಳೇ ದೊಡ್ಡವಾಗಿ ತೋರುತ್ತವೆ.

1955ರಲ್ಲಿ ಅವರು ಪೊಲೀಸ್ ಖಾತೆಯಲ್ಲಿ ಸಬ್‌ಇನ್ಸ್‌ಪೆಕ್ಟರರಾಗಿ ಸೇರಿ, ಸಹಾಯಕ ಕಮಿಷನರರಾಗಿ ನಿವೃತ್ತರಾದರು. ಬಳಿಕ ನಿವೃತ್ತಿವೇತನಕ್ಕಾಗಿಯೂ ಹೋರಾಡಬೇಕಾಯಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರಿಗೆ ಸಂದದ್ದು ಮರಣಾನಂತರ, 2000ದ ಸಾಲಿನಲ್ಲಿ. ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟದ್ದು 2010ರಲ್ಲಿ.