ಯಂತ್ರದ ಹಂಗು, ಅಂಕಿಯ ನಿಷ್ಠೆ

ವ್ಯಾಪಾರ, ದೇಶದ ಭದ್ರತೆ ಮತ್ತು ಕೃತಕ ಬುದ್ಧಿಮತ್ತೆ ಈಗ ಮೂರು ಬೇರೆ ಬೇರೆ ಸುದ್ದಿಗಳಾಗಿ ಉಳಿದಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕವು ಉನ್ನತ ದರ್ಜೆಯ ಚಿಪ್‌ಗಳು ಚೀನಾಕ್ಕೆ ಹೋಗದಂತೆ ರಫ್ತು ನಿರ್ಬಂಧ ಹೇರಿತು. 2025ರ ಜನವರಿಯಲ್ಲಿ ಅದೇ ದೇಶ ಜಗತ್ತನ್ನೆಲ್ಲ ಮೂರು ಪಂಕ್ತಿಗಳಾಗಿ ವಿಂಗಡಿಸಿ, ಭಾರತವನ್ನು ನಡುವಣ ಪಂಕ್ತಿಯಲ್ಲಿ ಕೂರಿಸುವ ನಿಯಮವೊಂದನ್ನು ಪ್ರಕಟಿಸಿತು. ಅಧಿಕಾರ ಬದಲಾದ ಮೇಲೆ ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಸುಂಕದ ದರ ಇಂದೊಂದು, ನಾಳೆಯೊಂದು ಇರಬಹುದು. ಆದರೆ ನಮಗೆ ಬೇಕಾದ ಯಂತ್ರವನ್ನು ಕೊಡುವುದೋ ಬಿಡುವುದೋ ಎಂಬುದನ್ನು ಬೇರೊಬ್ಬರು ತಮ್ಮ ರಾಜಕಾರಣದ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ ಎಂಬ ಸತ್ಯ ಮಾತ್ರ ಬದಲಾಗಿಲ್ಲ.

ಈ ಸತ್ಯ ಹೊಸದೇನೂ ಅಲ್ಲ. ಏಳು ದಶಕಗಳ ಹಿಂದೆ ಕಲ್ಕತ್ತದ ಒಬ್ಬ ಪ್ರಾಧ್ಯಾಪಕರು ಇದನ್ನು ಸ್ವತಃ ಅನುಭವಿಸಿದ್ದರು. ಅವರೇ ಪ್ರಶಾಂತ ಚಂದ್ರ ಮಹಲನೋಬಿಸ್. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನನ್ನ ತಲೆಮಾರಿನವರಿಗೆ ಅವರು ಎರಡನೇ ಪಂಚವಾರ್ಷಿಕ ಯೋಜನೆಯ ಹಿಂದಿನ ಒಂದು ಸಮೀಕರಣ ಮಾತ್ರವಾಗಿದ್ದರು. ಪರೀಕ್ಷೆಗೆ ಕಂಠಪಾಠ ಮಾಡಿ ಮರೆತುಬಿಟ್ಟಿದ್ದೆ. ಮನುಷ್ಯನಾಗಿ ಅವರು ನನಗೆ ಅರ್ಥವಾದದ್ದು ಸರ್ಕಾರಿ ಸೇವೆಗೆ ಸೇರಿ, ಒಂದು ರಾಗಿ ಹೊಲದ ಬದುವಿನ ಮೇಲೆ ನಿಂತಾಗ. ಆ ಸಂಗತಿಗೆ ಮುಂದೆ ಬರುತ್ತೇನೆ.

ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತದ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಜಗದೀಶ ಚಂದ್ರ ಬೋಸರು ಅವರ ಗುರುಗಳಲ್ಲಿ ಒಬ್ಬರು. 1913ರಲ್ಲಿ ಲಂಡನ್ನಿನಲ್ಲಿ ಓದುವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದವರು ಒಮ್ಮೆ ಕೇಂಬ್ರಿಜ್ ನೋಡಲು ಹೋಗಿ, ಹಿಂದಿರುಗುವ ರೈಲು ತಪ್ಪಿಸಿಕೊಂಡು ಅಲ್ಲಿಯೇ ಸ್ನೇಹಿತರ ಬಳಿ ರಾತ್ರಿ ಕಳೆದರು. ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರ ಅವರ ಮನಸ್ಸನ್ನು ಎಷ್ಟು ಸೆಳೆಯಿತೆಂದರೆ ಆ ಕಾಲೇಜನ್ನೇ ಸೇರಿದರು. ಗಣಿತಜ್ಞ ರಾಮಾನುಜನ್ ಅಲ್ಲಿ ಅವರಿಗೆ ಒಡನಾಡಿಯಾದರು. ಓದು ಮುಗಿಸಿ 1915ರಲ್ಲಿ ಊರಿಗೆ ಹೊರಡುವ ಹೊತ್ತಿಗೆ ಉಪಾಧ್ಯಾಯರೊಬ್ಬರು ಬಯೋಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರದ ನಿಯತಕಾಲಿಕದ ಸಂಪುಟಗಳನ್ನು ತೋರಿಸಿದರು. ಮಹಲನೋಬಿಸ್ ಅವನ್ನು ಕೊಂಡು, ಹಡಗಿನ ಪ್ರಯಾಣದುದ್ದಕ್ಕೂ ಓದಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರೂ ಅವರ ಮನಸ್ಸು ಆಗಲೇ ಅಂಕಿಗಳ ಕಡೆಗೆ ತಿರುಗಿತ್ತು.

ಅವರಿಗೆ ಅಂಕಿ ಎಂದರೆ ಕಾಗದದ ಮೇಲಿನ ಆಟವಾಗಿರಲಿಲ್ಲ. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಭಾರಿ ಪ್ರವಾಹ ಬಂದಾಗ, ನದಿಯ ಪಾತ್ರವೇ ಮೇಲೇರಿದೆ, ಆದ್ದರಿಂದ ದಂಡೆಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಮಹಲನೋಬಿಸ್ ಸುಮಾರು 60 ವರ್ಷಗಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಪಾತ್ರ ಏರಿಲ್ಲ, ಮೇಲ್ಭಾಗದಲ್ಲಿ ಅಣೆಕಟ್ಟೆ ಕಟ್ಟಿ ನೀರನ್ನು ಹಿಡಿದಿಡುವುದೇ ಸರಿಯಾದ ದಾರಿ ಎಂದು ತೋರಿಸಿದರು. ಸ್ವಾತಂತ್ರ್ಯಾನಂತರ ಅದೇ ಪ್ರಾಂತ್ಯದ ಮಹಾನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟೆಯ ಚಿಂತನೆಯಲ್ಲಿ ಆ ಅಧ್ಯಯನದ ಪಾಲೂ ಇತ್ತು.

1931ರ ಡಿಸೆಂಬರ್ 17ರಂದು ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಆರಂಭಿಸಿದರು. ಕಾಲೇಜಿನ ಭೌತಶಾಸ್ತ್ರ ವಿಭಾಗದ ಒಂದು ಕೊಠಡಿಯೇ ಅದರ ಆಸ್ತಿ. ಮೊದಲ ವರ್ಷದ ವೆಚ್ಚ 250 ರೂಪಾಯಿಗೂ ಕಡಿಮೆ. 1933ರಲ್ಲಿ ಸಾಂಖ್ಯ ಎಂಬ ಪತ್ರಿಕೆ ಹೊರಟಿತು. 1936ರಲ್ಲಿ, ಅನೇಕ ಲಕ್ಷಣಗಳನ್ನು ಒಟ್ಟಿಗೆ ಪರಿಗಣಿಸಿ ಎರಡು ಸಮೂಹಗಳ ನಡುವಿನ ಅಂತರವನ್ನು ಅಳೆಯುವ ಅವರ ಸೂತ್ರ ಪೂರ್ಣರೂಪದಲ್ಲಿ ಪ್ರಕಟವಾಯಿತು. ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುವ ಕೆಲಸದಿಂದ ಹುಟ್ಟಿದ ಆ ಮಹಲನೋಬಿಸ್ ದೂರ, ಇಂದು ಕಲಿಯುವ ಯಂತ್ರಗಳಿಗೆ ತಾವು ಹಿಂದೆಂದೂ ಕಾಣದ ವಿಚಿತ್ರ ದತ್ತಾಂಶ ಎದುರಾಗಿದೆಯೇ ಎಂದು ಪತ್ತೆಹಚ್ಚಲು ಬಳಕೆಯಾಗುತ್ತಿದೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ತರಬೇತಿಗೆಂದು ಈ ಸಂಸ್ಥೆಗೆ ಹೋದವರು. ಐದು ವರ್ಷಗಳ ತರುವಾಯ ಮಹಲನೋಬಿಸರು ಅವರನ್ನು ಕೇಂಬ್ರಿಜ್‌ಗೆ ಕಳುಹಿಸಿದ್ದು, ಸೂಡಾನಿನಲ್ಲಿ ದೊರೆತ ಪ್ರಾಚೀನ ಅಸ್ಥಿಪಂಜರಗಳನ್ನು ಇದೇ ಸೂತ್ರದಿಂದ ಅಧ್ಯಯನ ಮಾಡಲೆಂದು. 2023ರಲ್ಲಿ ನಿಧನರಾಗುವ ಹೊತ್ತಿಗೆ ರಾವ್ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿದ್ದರು.

ಮಹಲನೋಬಿಸರ ದೊಡ್ಡ ಕೊಡುಗೆ ಮಾದರಿ ಸಮೀಕ್ಷೆ. 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸ ಅವರ ಪಾಲಿಗೆ ಬಂತು. ಸೆಣಬು ಅಂದಿನ ಭಾರತದ ದೊಡ್ಡ ರಫ್ತು ಸರಕು. ಅದರ ಬೆಳೆಯ ಅಂದಾಜು ತಪ್ಪಿದರೆ ರೈತನೂ ವ್ಯಾಪಾರಿಯೂ ಹಾಳು. ಪ್ರಾಂತ್ಯದ ಒಂದೊಂದು ಹೊಲವನ್ನೂ ಎಣಿಸುವುದಕ್ಕಿಂತ, ಯಾದೃಚ್ಛಿಕವಾಗಿ ಆಯ್ದ ಕೆಲವೇ ಹೊಲಗಳನ್ನು ಎಚ್ಚರದಿಂದ ಅಳೆಯುವುದೇ ಹೆಚ್ಚು ನಿಖರ ಎಂದು ಅವರು ತೋರಿಸಿದರು. ವೆಚ್ಚವೂ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಸಾವಿರಾರು ಹಂಗಾಮಿ ನೌಕರರ ಅಸಡ್ಡೆಯ ಎಣಿಕೆಗಿಂತ ತರಬೇತಿ ಪಡೆದ ಕೆಲವರ ನಿಷ್ಠೆಯ ಅಳತೆ ಮೇಲು ಎಂಬುದು ಇದರ ತಿರುಳು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ತತ್ವವನ್ನು ಇಡೀ ದೇಶಕ್ಕೆ ವಿಸ್ತರಿಸಿತು. ನಮ್ಮ ಹಳ್ಳಿಯವರು ಏನು ಉಣ್ಣುತ್ತಾರೆ, ಎಷ್ಟು ದುಡಿಯುತ್ತಾರೆ ಎಂಬುದನ್ನು ಬಡ ದೇಶವೊಂದು ಇಷ್ಟು ವ್ಯವಸ್ಥಿತವಾಗಿ ಅಳೆದ ಉದಾಹರಣೆ ಆಗ ಬೇರೆಲ್ಲೂ ಇರಲಿಲ್ಲ.

ರಾಗಿ ಹೊಲದ ಸಂಗತಿ ಇಲ್ಲಿಗೆ ಸೇರುತ್ತದೆ. 1980ರ ದಶಕದ ನಡುವೆ ನಾನು ಬಯಲುಸೀಮೆಯ ಒಂದು ಉಪವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಬರದ ವರ್ಷ. ಬೆಳೆ ಕಟಾವು ಪ್ರಯೋಗ ನೋಡಲು ಹೋದಾಗ, ಚೀಟಿಯಲ್ಲಿ ಬಂದಿದ್ದ ಸರ್ವೆ ನಂಬರಿನ ಹೊಲದಲ್ಲಿ ಬೆಳೆ ಎನ್ನುವಂಥದ್ದೇ ಇರಲಿಲ್ಲ. ಪಕ್ಕದ ಹೊಲಕ್ಕೆ ಒಂದಿಷ್ಟು ಬಾವಿಯ ನೀರು ಸಿಕ್ಕಿ ತೆನೆ ಕಟ್ಟಿತ್ತು. ಅದನ್ನೇ ಕೊಯ್ದರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದು ನನ್ನೊಡನೆ ಬಂದಿದ್ದವರೊಬ್ಬರು ಸೂಚಿಸಿದರು. ನಿವೃತ್ತಿಯ ಅಂಚಿನಲ್ಲಿದ್ದ ಗ್ರಾಮ ಲೆಕ್ಕಿಗರು ಒಪ್ಪಲಿಲ್ಲ. ಚೀಟಿಯಲ್ಲಿ ಬಂದ ನಂಬರು ಬದಲಿಸಿದರೆ ಅದು ಪ್ರಯೋಗವಾಗುವುದಿಲ್ಲ, ನಮ್ಮ ಇಷ್ಟವಾಗುತ್ತದೆ ಎಂಬುದು ಅವರ ವಾದ. ಮಹಲನೋಬಿಸರ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಆದರೆ ಅವರ ಶಾಸ್ತ್ರವನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಂದು ಆ ಬರಡು ಹೊಲವನ್ನೇ ಅಳೆದೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ದಿನಗಳ ಬಳಿಕ ಮೇಲಿನ ಕಚೇರಿಯೊಂದರಿಂದ ದೂರವಾಣಿ ಬಂತು. ಇಷ್ಟು ಕಡಿಮೆ ಇಳುವರಿಯನ್ನು ಒಪ್ಪಲಾಗದು, ಆಣೆವಾರಿಯನ್ನು ಸಮಂಜಸವಾದ ಮಟ್ಟಕ್ಕೆ ತರಬೇಕು ಎಂಬ ಸಲಹೆ. ಲಿಖಿತ ಆದೇಶ ಕೇಳುವ ಧೈರ್ಯ ನನಗಾಗಲಿಲ್ಲ. ಅಂಕಿ ತುಸು ಮೇಲೇರಿತು. ಆ ಹಳ್ಳಿ ಆ ವರ್ಷದ ಕಂದಾಯ ವಿನಾಯಿತಿಯ ಪಟ್ಟಿಯಿಂದ ಹೊರಗುಳಿಯಿತು. ಮುಂದೆ ದೊಡ್ಡ ಹುದ್ದೆಗಳಲ್ಲಿ ಅನೇಕ ಕಡತಗಳಿಗೆ ಸಹಿ ಹಾಕಿದ್ದೇನೆ. ನಿವೃತ್ತಿಯಾದ ಮೇಲೂ ನನ್ನನ್ನು ಬಾಧಿಸುವುದು ಆ ಒಂದು ಸಹಿ.

ಮಹಲನೋಬಿಸರ ಯಂತ್ರದ ಹುಡುಕಾಟಕ್ಕೆ ಮರಳೋಣ. ಇಡೀ ದೇಶದ ಸಮೀಕ್ಷೆಯ ಅಂಕಿಗಳನ್ನು ಕೈಲೆಕ್ಕದಿಂದ ನಿಭಾಯಿಸುವುದು ಅಸಾಧ್ಯವಾಗಿತ್ತು. ಯೋಜನೆ ರೂಪಿಸುವವರಿಗೆ ಬೇಗ ಲೆಕ್ಕ ಬೇಕು, ಲೆಕ್ಕಕ್ಕೆ ಗಣಕಯಂತ್ರ ಬೇಕು ಎಂದು ಅವರು ಬಹು ಮುಂಚೆಯೇ ಕಂಡುಕೊಂಡರು. 1950ರ ದಶಕದ ಆರಂಭದಲ್ಲಿ ಅಮೆರಿಕದಿಂದ ದೊಡ್ಡ ಯಂತ್ರವೊಂದನ್ನು ಪಡೆಯಲು ಪ್ರಯತ್ನಿಸಿದರು. ಆದರೆ ಅದು ಶೀತಲ ಸಮರದ ಕಾಲ. ಅವರು ಸೋವಿಯತ್ ಒಕ್ಕೂಟಕ್ಕೆ ಹೋಗಿ ಬರುತ್ತಿದ್ದರು; ಅಲ್ಲಿನ ತಜ್ಞರು ಕಲ್ಕತ್ತಕ್ಕೆ ಬರುತ್ತಿದ್ದರು. ವಾಷಿಂಗ್ಟನ್ ಅನುಮಾನದಿಂದ ನೋಡಿತು, ಯಂತ್ರ ಬರಲಿಲ್ಲ. ಕೊನೆಗೆ ಬ್ರಿಟನ್ನಿನಿಂದ ಹೆಚ್.ಇ.ಸಿ-2ಎಂ ಎಂಬ ಚಿಕ್ಕ ಯಂತ್ರ 1956ರಲ್ಲಿ ಸಂಸ್ಥೆಗೆ ಬಂತು. ಅದರ ಸ್ಮರಣೆ 1,024 ಪದಗಳಷ್ಟು ಮಾತ್ರ. ಆದರೂ ಅದು ಭಾರತದ ಮೊದಲ ಡಿಜಿಟಲ್ ಗಣಕಯಂತ್ರ. ದಶಕದ ಕೊನೆಗೆ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಮೂಲಕ ರಷ್ಯದ ಉರಾಲ್ ಯಂತ್ರವೂ ಬಂದು ಸೇರಿತು. ಒಂದೇ ಆವರಣದಲ್ಲಿ ಎರಡು ಬಣಗಳ ಯಂತ್ರಗಳು!

ಅವರು ಅಷ್ಟಕ್ಕೆ ನಿಲ್ಲಲಿಲ್ಲ. 1953ರಲ್ಲಿಯೇ ಸಮರೇಂದ್ರ ಕುಮಾರ್ ಮಿತ್ರ ಅವರು ಸಂಸ್ಥೆಯೊಳಗೆ ಒಂದು ಅನಲಾಗ್ ಗಣಕವನ್ನು ನಿರ್ಮಿಸಿದ್ದರು. 1966ರಲ್ಲಿ ಜಾಧವಪುರ ವಿಶ್ವವಿದ್ಯಾಲಯದೊಡನೆ ಸೇರಿ ದೇಶೀ ಡಿಜಿಟಲ್ ಯಂತ್ರವೊಂದನ್ನು ಸಂಸ್ಥೆ ಸಿದ್ಧಪಡಿಸಿತು. ಯಾರ ಬಳಿ ಸಿಗುತ್ತದೋ ಅವರಿಂದ ಕೊಳ್ಳುವುದು, ಕೊಂಡದ್ದನ್ನು ಬಿಚ್ಚಿ ಕಲಿಯುವುದು, ಕಲಿತು ಸ್ವಂತದ್ದನ್ನು ಕಟ್ಟಲು ಯತ್ನಿಸುವುದು, ಇದು ಅವರ ನೀತಿ. ಒಂದೇ ಬಾಗಿಲನ್ನು ನೆಚ್ಚಿಕೊಳ್ಳದ ಈ ಜಾಣ್ಮೆ ಇಂದು ಚಿಪ್‌ಗಳ ವಿಷಯದಲ್ಲಿ ನಮಗೆ ಬೇಕಾಗಿದೆ.

ಅವರನ್ನು ಕುರುಡಾಗಿ ಹೊಗಳುವುದು ಮಾತ್ರ ಅವರ ಶಾಸ್ತ್ರಕ್ಕೇ ಮಾಡುವ ಅಪಚಾರ. 1955ರಲ್ಲಿ ಅವರು ರೂಪಿಸಿದ ಕರಡಿನ ಆಧಾರದ ಮೇಲೆ ಎರಡನೇ ಯೋಜನೆ ನಿಂತಿತು. ಹೂಡಿಕೆಯ ಮೂರನೇ ಒಂದು ಪಾಲು ಯಂತ್ರ ತಯಾರಿಸುವ ಯಂತ್ರಗಳಿಗೆ ಹೋದರೆ ಮುಂದೆ ಎಲ್ಲವೂ ವೇಗವಾಗಿ ಬೆಳೆಯುತ್ತದೆ ಎಂಬುದು ಅವರ ಮಾದರಿಯ ಸಾರ. ಆ ಮಾದರಿಯಲ್ಲಿ ವಿದೇಶ ವ್ಯಾಪಾರಕ್ಕೆ ಜಾಗವೇ ಇರಲಿಲ್ಲ. ಬಿ.ಆರ್. ಶೆಣೈ ಭಿನ್ನಮತ ದಾಖಲಿಸಿದರು. ಬೆಂಗಳೂರಿನವರಾದ ಪಿ.ಆರ್. ಬ್ರಹ್ಮಾನಂದರು ಸಿ.ಎನ್. ವಕೀಲರೊಡನೆ ಸೇರಿ, ದುಡಿಯುವವನ ಅನ್ನ ಬಟ್ಟೆಯ ಉತ್ಪಾದನೆಗೆ ಆದ್ಯತೆ ಕೊಡದೆ ಉಕ್ಕಿನ ಮೇಲೆ ಸೌಧ ಕಟ್ಟಲಾಗದೆಂದು ವಾದಿಸಿದರು. ಯೋಜನೆ ಆರಂಭವಾದ ಎರಡನೇ ವರ್ಷದಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. ನೆರವಿಗಾಗಿ ಪಾಶ್ಚಾತ್ಯ ದೇಶಗಳ ಮುಂದೆ ನಿಲ್ಲಬೇಕಾಯಿತು. ಸ್ವಾವಲಂಬನೆಗೆ ಹೊರಟ ಯೋಜನೆ ಅವಲಂಬನೆಗೆ ದಾರಿ ಮಾಡಿದ್ದು ಚರಿತ್ರೆಯ ವ್ಯಂಗ್ಯ. ಸಂಸ್ಥೆಯ ಎಲ್ಲ ಸೂತ್ರಗಳನ್ನೂ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರೆಂಬ ದೂರೂ ಇತ್ತು.

ಇಂದಿನ ನಮ್ಮ ನೀತಿಗೂ ಈ ಪಾಠ ಸಲ್ಲುತ್ತದೆ. 2021ರ ಡಿಸೆಂಬರ್‌ನಲ್ಲಿ ಅರೆವಾಹಕಗಳಿಗೆ 76,000 ಕೋಟಿ ರೂಪಾಯಿ, 2024ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಅಭಿಯಾನಕ್ಕೆ 10,000 ಕೋಟಿಗೂ ಮಿಗಿಲಾದ ಮೊತ್ತವನ್ನು ಕೇಂದ್ರ ಸರ್ಕಾರ ಮಂಜೂರು ಮಾಡಿತು. ಇದು ಅಗತ್ಯವಾದ ಹೂಡಿಕೆಯೆಂದೇ ನಾನು ಭಾವಿಸುತ್ತೇನೆ. ಆದರೆ ಬಾಗಿಲು ಮುಚ್ಚಿಕೊಂಡು ಎಲ್ಲವನ್ನೂ ನಾವೇ ಮಾಡುತ್ತೇವೆಂಬ ಹಟ 1956ರಲ್ಲಿ ಫಲಿಸಲಿಲ್ಲ, ಈಗಲೂ ಫಲಿಸದು. ಮಾರುವವನಿಗೆ ಮಾತ್ರ ಕೊಳ್ಳುವ ಶಕ್ತಿ ಇರುತ್ತದೆ.

ಇದಕ್ಕಿಂತ ಆಳವಾದ ಪ್ರಶ್ನೆ ಅಂಕಿಯದು. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ನಾವು ಉಣಿಸಿದ ದತ್ತಾಂಶವೇ ಅದರ ಬುದ್ಧಿ. ನಗರದ ಮಾತನ್ನಷ್ಟೇ ಕೇಳಿಸಿದರೆ ಅದಕ್ಕೆ ಬೀದರಿನ ಕನ್ನಡವೂ ತಿಳಿಯದು, ಕುಂದಾಪುರದ ಕನ್ನಡವೂ ತಿಳಿಯದು. ಇದು ಯಂತ್ರದ ದೋಷವಲ್ಲ, ಮಾದರಿಯ ಆಯ್ಕೆಯ ದೋಷ. ಬರಡು ಹೊಲ ಬಿಟ್ಟು ನೀರಾವರಿ ಹೊಲ ಅಳೆಯುವ ಅದೇ ಹಳೆಯ ಆಮಿಷ. ಹಾಗಿರುವಾಗ, 2017-18ರ ಕುಟುಂಬ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣ ನೀಡಿ ಸರ್ಕಾರ 2019ರಲ್ಲಿ ಕೈಬಿಟ್ಟದ್ದನ್ನು ಹಗುರವಾಗಿ ಕಾಣಲಾಗದು. ಮಾದರಿಗಳಿಗೆಲ್ಲ ತಳಹದಿಯಾದ ಜನಗಣತಿ 2021ರಲ್ಲಿ ನಡೆಯಬೇಕಿತ್ತು. 2025ರ ಅಧಿಸೂಚನೆಯ ಪ್ರಕಾರ ಅದು 2027ಕ್ಕೆ ಸರಿಯಿತು. 2025ರಲ್ಲಿಯೇ, ಮಹಲನೋಬಿಸರ ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ನೀಡಿದ್ದ 1959ರ ಕಾಯ್ದೆಯ ಬದಲಿಗೆ ಹೊಸ ಮಸೂದೆಯೊಂದರ ಕರಡು ಪ್ರಕಟವಾದಾಗ ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ಸುಧಾರಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಸರ್ಕಾರಕ್ಕೆ ರುಚಿಸದ ಅಂಕಿಯನ್ನು ಹೇಳುವ ಸ್ವಾತಂತ್ರ್ಯ ಆ ಸುಧಾರಣೆಯಲ್ಲಿ ಉಳಿಯುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಮಹಲನೋಬಿಸ್ 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ತೀರಿಕೊಂಡರು. 2007ರಿಂದ ಅವರ ಜನ್ಮದಿನವನ್ನು ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ. ಚಿಪ್ಪನ್ನು ಇಂದು ಒಬ್ಬರು ಕೊಡದಿದ್ದರೆ ನಾಳೆ ಇನ್ನೊಬ್ಬರು ಕೊಟ್ಟಾರು; ಒಂದಲ್ಲ ಒಂದು ದಿನ ನಾವೇ ಮಾಡಿಕೊಂಡೇವು. ನಮ್ಮ ಹೊಲದ ನಿಜವಾದ ಇಳುವರಿ ಎಷ್ಟೆಂಬುದನ್ನು ಮಾತ್ರ ಯಾವ ಮಿತ್ರದೇಶವೂ ನಮಗೆ ಆಮದು ಮಾಡಿಕೊಡಲಾರದು. ಅದನ್ನು ಅಳೆದು, ಅಳೆದದ್ದನ್ನು ಇದ್ದಂತೆ ಬರೆಯುವ ಗ್ರಾಮ ಲೆಕ್ಕಿಗರು ನಮಗೆ ಬೇಕು. ಅವರು ಬರೆದದ್ದನ್ನು ತಿದ್ದದೆ ಸಹಿ ಹಾಕುವ ಅಧಿಕಾರಿಗಳೂ ಬೇಕು. ಎರಡನೆಯದರಲ್ಲಿ ನಾನು ಸೋತವನು ಎಂಬ ಕಾರಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.