ಅಣ್ಣನ ಪಾಲು ಕಸಿದ ವೀರ

ಕಣಗಲಾದಿಂದ ಬಸ್ಸು ಹತ್ತಿ ನಿಪ್ಪಾಣಿ, ಕೊಲ್ಹಾಪುರ ದಾಟಿದರೆ ಮುಂದೆ ಕರಾಡ ಬರ್ತದೆ. ಒಂಬೈನೂರು ವರ್ಷಗಳಿಗೂ ಹಿಂದೆ ಆ ಕರಾಡದ ಶಿಲಾಹಾರ ರಾಜಕುಮಾರಿ ಚಂದಲಾದೇವಿಯ ಸ್ವಯಂವರಕ್ಕೆ ರಾಜರ ಸಾಲೇ ಬಂದು ನಿಂತಿತ್ತಂತೆ. ಅವಳು ಮಾಲೆ ಹಾಕಿದ್ದು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನಿಗೆ. ಹೈಸ್ಕೂಲಿನಲ್ಲಿ ಓದಿದ್ದೆವಲ್ಲ, ಅವನೇ. ಬಿರುದು ತ್ರಿಭುವನಮಲ್ಲ, ಆಳಿದ್ದು 1076ರಿಂದ 1126. ಎರಡು ಮಾರ್ಕ್ಸಿಗೆ ಅಷ್ಟು ಸಾಕಾಗಿತ್ತು. 1076ರಲ್ಲಿ ಆ ಪಟ್ಟ ಅವನಿಗೆ ಸಿಕ್ಕಿದ್ದು ಹೇಗೆ ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅಪ್ಪ ಒಂದನೇ ಸೋಮೇಶ್ವರ ವಾಸಿಯಾಗದ ಕಾಯಿಲೆಗೆ ಬೇಸತ್ತು 1068ರಲ್ಲಿ ಕುರುವತ್ತಿಯ ಹತ್ತಿರ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. ವಿಕ್ರಮ ಅವನ ತಮ್ಮ. ದಂಡು ಕಟ್ಟಿಕೊಂಡು ತಿರುಗಿದವನು ತಾನು, ಗದ್ದುಗೆ ಮಾತ್ರ ಅಣ್ಣನಿಗೆ. ಈ ಸಂಕಟ ಅರ್ಥವಾಗದ್ದೇನಲ್ಲ. ಆದರೆ ಅವನು ಮಾಡಿದ್ದೇನು? ಅಪ್ಪನ ಜೀವಮಾನದ ವೈರಿಗಳಾದ ಚೋಳರ ಜೊತೆಗೇ ಕೈ ಜೋಡಿಸಿ, ವೀರರಾಜೇಂದ್ರ ಚೋಳನ ಮಗಳನ್ನು ಮದುವೆಯಾದ. ಮಾವ ತೀರಿಕೊಂಡ ಮೇಲೆ ಹೆಂಡತಿಯ ತಮ್ಮನನ್ನೋ ಅಣ್ಣನನ್ನೋ, ಅಂತೂ ಭಾವಮೈದುನ ಅಧಿರಾಜೇಂದ್ರನನ್ನು ಅಲ್ಲಿ ಪಟ್ಟಕ್ಕೆ ಕೂರಿಸಿ ಬಂದ. ಅವನು ಬಹಳ ದಿನ ಬಾಳಲಿಲ್ಲ. ಚೋಳರ ಗದ್ದುಗೆ ಕುಲೋತ್ತುಂಗನ ಪಾಲಾಯಿತು. ಕಲ್ಯಾಣದಲ್ಲಿದ್ದ ಅಣ್ಣ ಆ ಕುಲೋತ್ತುಂಗನ ಕೈ ಹಿಡಿದ. ಕೊನೆಗೆ ವಿಕ್ರಮ ಇಬ್ಬರನ್ನೂ ಸೋಲಿಸಿ ಅಣ್ಣನನ್ನು ಸೆರೆಗೆ ಹಾಕಿದ.

ಊರಾಗ ಹೊಲದ ಉತಾರದ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾವೆಲ್ಲ ನೋಡಿದವರೇ. ಅಂಥವರ ಮನೆಯಲ್ಲಿ ಕವಿ ಇರೋದಿಲ್ಲ ಅಷ್ಟೇ. ವಿಕ್ರಮನಿಗೆ ಕಾಶ್ಮೀರದಿಂದ ಬಂದ ಬಿಲ್ಹಣ ಸಿಕ್ಕ. ವಿದ್ಯಾಪತಿ ಅನ್ನೋ ಪದವಿ ಪಡೆದ ಬಿಲ್ಹಣ 18 ಸರ್ಗಗಳ ವಿಕ್ರಮಾಂಕದೇವಚರಿತ ಬರೆದುಕೊಟ್ಟ. ಅದರ ಪ್ರಕಾರ ಅಪ್ಪನೇ ಯುವರಾಜನಾಗು ಎಂದರೂ ಅಣ್ಣನಿರುವಾಗ ಬೇಡ ಎಂದವನು ವಿಕ್ರಮ. ಅಣ್ಣ ದಾರಿ ತಪ್ಪಿದ, ಸಾಕ್ಷಾತ್ ಶಿವನೇ ಯುದ್ಧಕ್ಕೆ ಅಪ್ಪಣೆ ಕೊಟ್ಟ. ದೇವರ ಮೇಲೆ ಹಾಕಿದರೆ ಮುಗಿಯಿತಲ್ಲ! ಸೆರೆಯಲ್ಲಿದ್ದವನ ಪರವಾಗಿ ಬರೆಯೋಕೆ ಬಿಲ್ಹಣನಂಥವನು ಇರಲಿಲ್ಲ.

ಅಷ್ಟಕ್ಕೂ ನಿಲ್ಲದೆ ವಿಕ್ರಮ ಕಾಲಗಣನೆಗೇ ಕೈ ಹಾಕಿದ. ಶಕವರ್ಷ ಬಿಟ್ಟು ತನ್ನ ಪಟ್ಟದಿಂದ ಎಣಿಸುವ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ. ಅಣ್ಣನನ್ನು ಕೆಡವಿದ ವರ್ಷವೇ ಒಂದನೇ ವರ್ಷ. ಯುಗಾದಿಗೆ ಮನೆಗೆ ತರುವ ಪಂಚಾಂಗ ತೆಗೆದು ನೋಡಿ, ಅಲ್ಲಿ ಶಕವರ್ಷ ಈಗಲೂ ಇದೆ. ವಿಕ್ರಮನದು ಚಾಲುಕ್ಯರ ಜೊತೆಗೇ ಮರೆಯಾಯಿತು.

ಇನ್ನೊಂದು ತಮಾಷೆ. ಇದೇ ದೊರೆಯ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರ್ತದೆ ಅನ್ನುವ ಗ್ರಂಥ ಅದು. ದೇಶದ ಬಹುಭಾಗದ ಕೋರ್ಟುಗಳು ಪಾಲುಪಟ್ಟಿಯ ತಕರಾರಿಗೆ ನೂರಾರು ವರ್ಷಗಳ ನಂತರವೂ ಅದನ್ನೇ ತಿರುವಿ ಹಾಕಿದವು. ಅಣ್ಣನ ಪಾಲು ನುಂಗಿದವನ ಆಶ್ರಯದಲ್ಲಿ ಪಾಲಿನ ಶಾಸ್ತ್ರ ಹುಟ್ಟಿತು. ಅವನು ದೊಡ್ಡವನಲ್ಲ ಅಂತ ನಾವು ಹೇಳುತ್ತಿಲ್ಲ. ಐವತ್ತು ವರ್ಷ ಆಳೋದು, ಕಾಶ್ಮೀರದ ಕವಿಯನ್ನೂ ಕಾನೂನು ಪಂಡಿತನನ್ನೂ ಸಾಕೋದು ಸಣ್ಣ ಮಾತಲ್ಲ. ದೊಡ್ಡಸ್ತಿಕೆಯೂ ಕಳ್ಳತನವೂ ಒಂದೇ ಮೈಯಲ್ಲಿದ್ದವು, ಅಷ್ಟೇ.

ತಾನು ಕಲಿಸಿದ ಪಾಠ ಅವನ ಮನೆಗೇ ತಿರುಗಿತು. ಅಣ್ಣನ ವಿರುದ್ಧ ತನ್ನ ಬೆನ್ನಿಗೆ ನಿಂತಿದ್ದ ಇನ್ನೊಬ್ಬ ತಮ್ಮ ಜಯಸಿಂಹನಿಗೆ ಬನವಾಸಿ ಕೊಟ್ಟಿದ್ದ. ಕೆಲವೇ ವರ್ಷಗಳಲ್ಲಿ ಜಯಸಿಂಹ ತಿರುಗಿಬಿದ್ದ, ಸೋತ, ಸಿಕ್ಕಿಬಿದ್ದ. ಆಮೇಲೆ ಸಾಮಂತರ ಸರದಿ. 1118ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯರ ದಂಡಿನ ಮೇಲೆ ರಾತ್ರೋರಾತ್ರಿ ಬಿದ್ದು ಚೆಲ್ಲಾಪಿಲ್ಲಿ ಮಾಡಿದ. (ಹೆಸರು ಕೇಳಿ ನಮ್ಮ ಕಣಗಲಾ ಅಂತ ಹಿಗ್ಗಬೇಡಿ, ಅದು ಹಾಸನದ ಕಡೆಯದು.) ಆಗ ವಿಕ್ರಮ ಪಟ್ಟಕ್ಕೆ ಬಂದು 42 ವರ್ಷ ಆಗಿತ್ತು. ಮುದುಕ ದೊರೆಗೆ ಮತ್ತೆ ದಂಡು ಕಳಿಸೋದು ತಪ್ಪಲಿಲ್ಲ.

1126ರಲ್ಲಿ ಅವನು ತೀರಿಕೊಂಡ. ಮಗ ಮೂರನೇ ಸೋಮೇಶ್ವರ ಪಟ್ಟಕ್ಕೆ ಬಂದ. ಸೆರೆಗೆ ಹಾಕಿದ ಅಣ್ಣನ ಹೆಸರೂ ಅದೇ, ನೀರಿಗಿಳಿದ ಅಪ್ಪನ ಹೆಸರೂ ಅದೇ. ಮೂರು ದಶಕದ ಆಜುಬಾಜಿನಲ್ಲಿ ಕಲ್ಯಾಣದ ಗದ್ದುಗೆ ಚಾಲುಕ್ಯರ ಸಾಮಂತನೇ ಆಗಿದ್ದ ಕಳಚುರಿ ಬಿಜ್ಜಳನ ಕೈ ಸೇರಿತ್ತು.